ಲಾರಿಗೆ ಬಾಲಚ್ಛೇದ

ಅಮೆರಿಕದ ಸೈನ್ಯವು 1950ರ ದಶಕದಿಂದ ದುಡಿಸಿಕೊಂಡು ಕಡೆಗೆ ಹರಾಜಿಗಿಟ್ಟ ಎಂ-35 ಎಂಬ ಎರಡೂವರೆ ಟನ್ನಿನ ಲಾರಿಯನ್ನು ಕೊಂಡ ಅಲ್ಲಿಯ ರಸಿಕರು, ಮೂರು ಆಕ್ಸಲ್‌ಗಳಿಗೂ ಎಂಜಿನ್ನಿನ ಶಕ್ತಿಯನ್ನು ಹಂಚಬಲ್ಲ ಆ ಮಹಾಕಾಯಕ್ಕೆ ಕಾಡುಮೇಡು ಅಲೆಯಲು ಏನು ಕೊರತೆಯಿತ್ತೋ ಕಾಣೆ, ಮೊದಲು ಮಾಡುವ ಉಪಚಾರವೆಂದರೆ ಹಿಂದಿನ ಆಕ್ಸಲ್ಲೊಂದನ್ನು ಕಳಚಿ, ಚಾಸಿಯನ್ನು ಕೊಯ್ದು ಗಿಡ್ಡವಾಗಿಸುವುದು. ತಿರುವಿನಲ್ಲಿ ಸಲೀಸಾಗಿ ಹೊರಳೀತೆಂಬುದು ಇದಕ್ಕೆ ಶಾಸ್ತ್ರಾಧಾರ. ಅದು ಸುಳ್ಳೂ ಅಲ್ಲ. ಇನ್ನು ವೇಗದ ಮಾತು: ಆಕ್ಸಲ್ಲಿನ ಗೇರುಗಳ ಅನುಪಾತ 6.72 ಆದುದರಿಂದ, ಚಕ್ರವು ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಷಾಫ್ಟು ಸುಮಾರು ಏಳು ಪ್ರದಕ್ಷಿಣೆ ಮುಗಿಸಿರುತ್ತದೆ. ಕೆಸರನ್ನು ಕಡೆಯುವ ಬಲವೇನೋ ಅಪಾರ, ವೇಗ ಮಾತ್ರ ಬ್ರಹ್ಮರಥದ್ದು. ಪರಿಹಾರಾರ್ಥವಾಗಿ ದೈತ್ಯ ಟೈರುಗಳನ್ನು ತೊಡಿಸುವರು. ಅವನ್ನು ಹೊರಳಿಸಲು ತೋಳ್ಬಲ ಸಾಲದೆ ಪವರ್ ಸ್ಟಿಯರಿಂಗ್ ಜೋಡಿಸುವರು. ಕಳಚಿಟ್ಟ ಆಕ್ಸಲನ್ನಾದರೂ ಬಿಸುಡುವರೇ? ಅಷ್ಟು ಗಟ್ಟಿಯಾದ ಲೋಹಕ್ಕೆ ಒಡಲೊಂದನ್ನು ಒದಗಿಸುವುದೇ ಧರ್ಮವೆಂದು ಮತ್ತೊಂದು ವಾಹನವನ್ನು ಅರಸತೊಡಗುವರು.