ಕ್ಯೂ ಒತ್ತುವವನ ಪಾಡು

ನಮ್ಮ ಮನೆಯ ಮುದಿ ಲ್ಯಾಪ್‌ಟಾಪಿನಲ್ಲಿರುವುದು ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಅದರ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. 12ನೆಯದು ಬುಕ್‌ವರ್ಮ್, 2025ರ ಆಗಸ್ಟ್‌ನಲ್ಲಿ ಬಂದ 13ನೆಯದು ಟ್ರಿಕ್ಸಿ. ಹುಳುವನ್ನು ಬೀಳ್ಕೊಟ್ಟು ಟ್ರಿಕ್ಸಿಯನ್ನು ಮನೆ ತುಂಬಿಸಿಕೊಳ್ಳೋಣವೆಂದು ಒಂದು ಭಾನುವಾರ ಕಾಫಿ ಹಿಡಿದು ಕೂತೆ.

ಡೆಬಿಯನ್‌ನವರು ಮರ್ಯಾದಸ್ಥರು. ಪ್ಯಾಕೇಜುಗಳೆಲ್ಲ ಇಳಿದ ಮೇಲೆ, ಇನ್‌ಸ್ಟಾಲ್ ಆಗುವ ಮುಂಚೆ, ‘ಆಪ್ಟ್-ಲಿಸ್ಟ್‌ಚೇಂಜಸ್’ ಎಂಬ ಪುಟ್ಟ ಪ್ರೋಗ್ರಾಂ ಬಾಗಿಲಿಗೆ ಅಡ್ಡ ನಿಂತು, ಇಂಥಿಂಥದ್ದು ಬದಲಾಗಿದೆ ಎಂದು ಸುದ್ದಿ ಓದಿಸುತ್ತದೆ. ಓದಿದ ಮೇಲೆ ‘ಕ್ಯೂ’ ಒತ್ತಬೇಕು. ಓದದಿದ್ದರೂ ‘ಕ್ಯೂ’ ಒತ್ತಿದರೆ ಸಾಕು. ಎರಡಕ್ಕೂ ಒಂದೇ ಕೀಲಿ ಇಟ್ಟ ಪುಣ್ಯಾತ್ಮನಿಗೆ ನನ್ನಂಥವರ ಪರಿಚಯವಿರಲಿಲ್ಲ.

ಪರದೆ ತುಂಬ ಇಂಗ್ಲಿಷ್ ಬಂತು. ಮದುವೆ ಪತ್ರಿಕೆಯಲ್ಲಿ ಮುಹೂರ್ತ ಬಿಟ್ಟು ಊಟದ ಹೊತ್ತು ಹುಡುಕುವ ಕಣ್ಣು ನನ್ನದು. ಮೊದಲ ಸಾಲಿನ ಅರ್ಧಕ್ಕೇ ಬೆರಳು ಕ್ಯೂ ಮೇಲಿತ್ತು.

ವಾರದ ಮೇಲೆ ಭಾವಮೈದುನನ ಮಗಳ ಮದುವೆ ವಿಡಿಯೊ ಬಂತು, 3 ಜಿಬಿ. ಎಂದಿನಂತೆ ‘ಟಿಎಂಪಿ’ ಎಂಬ ತಾತ್ಕಾಲಿಕ ಫೋಲ್ಡರಿಗೆ ಸುರಿದೆ. ಜಾಗವಿಲ್ಲ ಎಂದಿತು! ಡಿಸ್ಕಿನಲ್ಲಿ ನೂರು ಜಿಬಿ ಖಾಲಿ ಬಿದ್ದಿದೆ. ಮತ್ತೆ ಹಾಕಿದೆ, ಬೈದೆ, ಯಂತ್ರವನ್ನು ಆರಿಸಿ ಹಚ್ಚಿದೆ. ವಧುವರರು ಅಕ್ಷತೆಯವರೆಗೂ ತಲುಪಲಿಲ್ಲ.

ಕಡೆಗೆ ತಿಳಿಯಿತು: ಟ್ರಿಕ್ಸಿಯಲ್ಲಿ ಟಿಎಂಪಿಯ ವಾಸ ಡಿಸ್ಕಿನಲ್ಲಲ್ಲ, ರ‍್ಯಾಮಿನಲ್ಲಿ, ಅದರಲ್ಲೂ ಹೆಚ್ಚೆಂದರೆ ಅರ್ಧ. ನನ್ನ ರ‍್ಯಾಮ್ ಇರುವುದೇ 4 ಜಿಬಿ.

“ಒಂದು ಮಾತು ಹೇಳಬಾರದಿತ್ತಾ ಇವರು?” ಎಂದು ಕೂಗಾಡಿದೆ.

ಒಳಗಿನಿಂದ ಹೆಂಡತಿಯ ದನಿ: “ರೀ, ಹೇಳಿದ್ರೆ ನೀವು ಕೇಳಿಸ್ಕೊಳ್ತೀರಾ? ಗ್ಯಾಸಿನವನು ಬರ್ತಾನೆ, ಓಟಿಪಿ ನಿಮ್ಮ ಫೋನಿಗೇ ಬರೋದು ಅಂತ ಮೂರು ಸಲ ಹೇಳ್ದೆ. ‘ಹೂಂ’ ಅಂದ್ರಿ. ಸಿಲಿಂಡರ್ ವಾಪಸ್ ಹೋಯ್ತು.”

ನನ್ನ ‘ಹೂಂ’ ಅಂದರೆ ಬಾಯಲ್ಲಿ ಒತ್ತುವ ಕ್ಯೂ ಎಂದು ಅವಳಿಗೆ ಯಾವತ್ತೋ ಗೊತ್ತಾಗಿದೆ.

ಸುದ್ದಿ ಓದಿಸುವ ಆ ಪ್ರೋಗ್ರಾಂ ಅದರ ಒಂದು ಪ್ರತಿಯನ್ನು ಯಂತ್ರದ ಯಜಮಾನ ‘ರೂಟ್’ ಹೆಸರಿಗೆ ಮೇಲ್ ಕೂಡ ಮಾಡುತ್ತದೆಯಂತೆ. ಆ ಯಜಮಾನ ನಾನೇ. ಹೋಗಿ ಪೆಟ್ಟಿಗೆ ತೆರೆದೆ. ಟ್ರಿಕ್ಸಿಯ ಸುದ್ದಿ ಇತ್ತು. ಅದರ ಕೆಳಗೆ 2023ರಲ್ಲಿ ಬುಕ್‌ವರ್ಮ್ ಬಂದಾಗಿನದೂ ಇತ್ತು, ಮುಟ್ಟದ ಹಾಗೇ.