ಹಿಂಚಕ್ರದ ಬೊಜ್ಜು

ಬೈಕಿನ ಹಿಂದಿನ ಟೈರು ದಪ್ಪಗಾದಷ್ಟೂ ಸವಾರನ ಗತ್ತು ಹೆಚ್ಚುತ್ತದೆ ಎಂಬ ನಂಬಿಕೆ ಬಲವಾಗಿದೆ. ಟೈರಿನ ಜಾತಕ ಅದರ ಮೈಮೇಲೇ ಅಚ್ಚಾಗಿರುತ್ತದೆ. ಓದುವವರು ಮಾತ್ರ ಕಡಿಮೆ. 110/90-18 ಎಂದರೆ ಅಗಲ 110 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 90, ರಿಮ್ಮು 18 ಇಂಚು. ಲೆಕ್ಕ ಹಾಕಿದರೆ ಚಕ್ರದ ವ್ಯಾಸ ಸುಮಾರು 655 ಮಿಲಿಮೀಟರ್. ಅದನ್ನು ಕಿತ್ತು 17 ಇಂಚಿನ ಅಲಾಯ್‌ಗೆ 140/70 ಹಾಕಿಸಿದರೆ ವ್ಯಾಸ 628ಕ್ಕೆ ಇಳಿಯುತ್ತದೆ. ಗತ್ತಿಗೆಂದು ಕಾಸು ಸುರಿದು ಬೈಕನ್ನು ಕುಳ್ಳಾಗಿಸಿದಂತಾಯಿತು! ಅದೇ ವೇಗಕ್ಕೆ ಎಂಜಿನ್ನು ಶೇ. 4ರಷ್ಟು ಹೆಚ್ಚು ತಿರುಗಬೇಕು.

‘ಹಿಡಿತ ಬೇಡವೇ? ರೇಸ್ ಬೈಕುಗಳನ್ನು ನೋಡಿ’ ಎನ್ನುತ್ತಾರೆ. ನೋಡೋಣ. ಮೋಟೊಜಿಪಿ ಬೈಕಿಗೆ 200ಕ್ಕೂ ಮೀರಿದ ಅಶ್ವಶಕ್ತಿ, ನಮ್ಮ ಸ್ಪ್ಲೆಂಡರ್‌ಗೆ ಸುಮಾರು 8. ಅಷ್ಟಕ್ಕೆ ಕಂಪನಿ ಕೊಟ್ಟ 80/100-18 ಧಾರಾಳ ಸಾಕು. ಕಿರಿದಾದ ರಿಮ್ಮಿಗೆ ದಪ್ಪ ಟೈರು ತುರುಕಿದರೆ ಅಂಚುಗಳು ಒಳಕ್ಕೆ ಬಿಗಿದು ನಡು ಉಬ್ಬುತ್ತದೆ. ಹಿಡಿತ ಹೆಚ್ಚುವ ಮಾತಿರಲಿ, ತಿರುವಿನಲ್ಲಿ ಗಾಡಿ ಮೊಂಡು ಹಿಡಿಯುತ್ತದೆ. ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವುದು, ಮೈಲೇಜ್ ಇಳಿಯುವುದು ಬೇರೆ. ಹಾಗಾದರೆ ಚಕ್ರ ಬದಲಿಸಲೇಬಾರದೇ? ಕಡ್ಡಿಚಕ್ರ ಬಿಟ್ಟು ಅಲಾಯ್‌ಗೆ ಹೋಗುವುದಕ್ಕೆ ಒಂದು ಒಳ್ಳೆಯ ಕಾರಣವಿದೆ: ಟ್ಯೂಬ್‌ಲೆಸ್ ಟೈರು. ಮೊಳೆ ಚುಚ್ಚಿದರೂ ಗಾಳಿ ಮೆಲ್ಲಗೆ ಇಳಿಯುತ್ತದೆ, ಚಕ್ರ ಬಿಚ್ಚದೆಯೇ ಪಂಕ್ಚರ್ ಹಾಕಬಹುದು. ಅಲಾಯ್ ಹಾಕಿಸಿ, ಆದರೆ ಟೈರಿನ ಅಳತೆಯನ್ನು ಕಂಪನಿಯ ಕೈಪಿಡಿ ನೋಡಿಯೇ ಕೊಳ್ಳಿ.