ತಾರಸಿಯಲ್ಲಿ ಏನು ಹಾಕೋಣ?

ತಾರಸಿ ತೋಟ ಅಂದೊಡನೆ ಕೆಲವರಿಗೆ ಹೂಕೋಸೇ ಬೇಕು. ಮೂರು ತಿಂಗಳು ಸೇವೆ ಮಾಡಿಸಿಕೊಂಡು ಅದು ಕೊಡುವುದು ಒಂದೇ ಗಡ್ಡೆ, ಅದರಲ್ಲೂ ಅರ್ಧ ಹುಳುವಿನ ಪಾಲು. ನನ್ನ ಕೇಳಿದರೆ ಬಸಳೆಯಂಥ ಸಂಭಾವಿತ ಬಳ್ಳಿ ಇನ್ನೊಂದಿಲ್ಲ. ಎಲೆ ಸಾರಿಗೆ ಹಾಕಿ, ದಂಟು ಮಣ್ಣಿಗೆ ಚುಚ್ಚಿದರೆ ಚಿಗುರುತ್ತದೆ. ಮೆಂತ್ಯವನ್ನು ಅಡುಗೆಮನೆ ಡಬ್ಬಿಯಿಂದಲೇ ಬಿತ್ತಿ, 25–30 ದಿನಕ್ಕೆ ಸೊಪ್ಪು.

ಸೀಮೆಬದನೆ ಮಾತ್ರ ಯೋಚಿಸಿ ಹಾಕಿ. ಬಳ್ಳಿ ಪಕ್ಕದ ಮನೆಗೆ ಹಬ್ಬಿ ಕಾಯಿ ಅಲ್ಲೇ ಬಿಡುತ್ತದೆ, ನೀರಿನ ಬಿಲ್ಲು ನಮಗೆ. ಪರಂಗಿಯ ಕಥೆಯೇ ಬೇರೆ. ಗಿಡ ಗಂಡೋ ಹೆಣ್ಣೋ ಹೂ ಬಿಡುವ ತನಕ ತಿಳಿಯದು. ಗಂಡಾದರೆ ಉದ್ದುದ್ದ ಗೊಂಚಲು ಹೂ ತೋರಿಸಿ ಸುಮ್ಮನೆ ನಿಲ್ಲುತ್ತದೆ.

"ನಮ್ಮನೇಲೂ ಹಂಗೇ ಒಬ್ಬರಿದ್ದಾರೆ ಬಿಡ್ರೀ" ಅಂದರು ಪಕ್ಕದ ಮನೆಯಾಕೆ, ನಮ್ಮ ಸೀಮೆಬದನೆ ಕೊಯ್ಯುತ್ತಾ.